ಏಳು ನಿಮಿಷ

“ಆ ಹೆಂಗಸು ಕಚೇರಿ ಒಳಗೆ ಹೋಗುವಾಗ ಕಾಲಲ್ಲಿ ಹವಾಯಿ ಚಪ್ಪಲಿ. ಮರುಗಳಿಗೆ ರೈಲಲ್ಲಿ ಕೂತಿದ್ದಾಳೆ, ಕಾಲಲ್ಲಿ ಗಂಡಸರ ಬೂಟು! ಅದೂ ಎರಡಳತೆ ದೊಡ್ಡದು. ನಾನಂತೂ ನಕ್ಕಿದ್ದೇ ನಕ್ಕಿದ್ದು,” ಎಂದ ಬಯ್ಯೂಮಿ, ವಗ್ದಿಯವರ ಕೆನ್ನೆಗೆ ನೊರೆ ಬಳಿಯುತ್ತಾ.

ಶುಬ್ರಾ ಬಡಾವಣೆಯ ಆ ಕ್ಷೌರದಂಗಡಿಯಲ್ಲಿ ಬೆಳಗಿನಿಂದ ಅದೇ ಮಾತು. ನಿರ್ದೇಶಕ ಫಿಕ್ರಿ ನಸೀಮ್ ತೀರಿಕೊಂಡು ಮೂರು ದಿನವಾಗಿತ್ತು. ಅವನ ನೆನಪಿಗೆಂದು ಟಿವಿಯವರು ಹಿಂದಿನ ಸಂಜೆ ‘ಉಪ್ಪಿನ ಕಾಲುವೆ’ ಹಾಕಿದ್ದರು. ನಲವತ್ತು ವರ್ಷದ ಹಿಂದಿನ ಸಿನಿಮಾ. ಬೀದಿಯವರೆಲ್ಲ ಅವರವರ ಮನೆಯಲ್ಲಿ ಕಾಲು ಚಾಚಿ ಕೂತು, ಸೂರ್ಯಕಾಂತಿ ಬೀಜ ಸುಲಿಯುತ್ತಾ ನೋಡಿ, ಈಗ ಒಬ್ಬೊಬ್ಬರೂ ನ್ಯಾಯಾಧೀಶರಾಗಿದ್ದರು. ಪುಕ್ಕಟೆ ಸಿನಿಮಾ, ಬಾಯಿಗೆ ಬಂದದ್ದು ಹೇಳಿದರೆ ಕೇಳುವವರು ಯಾರು?

ಗೋಡೆ ಬದಿಯ ಬೆಂಚಿನ ಮೇಲೆ ಸರದಿಗೆ ಕಾದಿದ್ದ ಇಸ್ತ್ರಿ ಅಂಗಡಿಯ ಹಾಜಿ ಶಿಹಾತಾ ತಲೆ ಅಲ್ಲಾಡಿಸಿದ. “ನಮ್ಮನೇಲಿ ಅರ್ಧಕ್ಕೇ ಎಲ್ಲಾ ಎದ್ದು ಹೋದ್ರು ಕಣಯ್ಯ. ನಾನೊಬ್ಬ ಹಟ ಹಿಡಿದು ಕೊನೇತನಕ ಕೂತೆ. ತಲೆ ಇಲ್ಲ, ಬುಡ ಇಲ್ಲ. ಯುದ್ಧಕ್ಕೆ ಹೋದ ಗಂಡ ಬದುಕಿದ್ದಾನೋ ಸತ್ತನೋ, ಅದನ್ನೂ ಹೇಳಲ್ಲ! ಪೇಪರಿನೋರು ನೋಡಿದ್ರೆ ಮಹಾನ್ ಕಲಾವಿದ ಅಂತ ಬರ್ದಿದ್ದಾರೆ.”

“ಸತ್ತ ಮೇಲೆ ಎಲ್ರೂ ಮಹಾನ್ ಆಗ್ತಾರೆ ಹಾಜಿ. ದೇವರು ಅವನ ಮೇಲೆ ಕರುಣೆ ಇಡ್ಲಿ, ಆದ್ರೆ ಕಸುಬು ಗೊತ್ತಿರಲಿಲ್ಲ. ಚಪ್ಪಲಿ ಯಾವುದು, ಬೂಟು ಯಾವುದು ಅಂತ ನೋಡದೋನು ಎಂಥ ನಿರ್ದೇಶಕ? ಅದಕ್ಕೇ ಆಮೇಲೆ ಯಾರೂ ಅವನ ಕೈಗೆ ಇನ್ನೊಂದು ಸಿನಿಮಾ ಕೊಡಲಿಲ್ಲ.”

ವಗ್ದಿಯವರ ಗಂಟಲ ಮೇಲೆ ಕತ್ತಿ ಓಡುತ್ತಿತ್ತು. ಮಾತಾಡುವಂತಿರಲಿಲ್ಲ, ಹಿಂದಿನ ಸಂಜೆಯೂ ಮಾತಾಡಿರಲಿಲ್ಲ. ಹೆಂಡತಿ ಇಕ್ರಾಮ್ ಕೂಡ ಆ ಬೂಟು ನೋಡಿ, “ಎಂಥ ಪೆದ್ದು ಸಿನಿಮಾರೀ ಇದು!” ಎಂದು ಚಹಾ ಮಾಡಲು ಎದ್ದು ಹೋಗಿದ್ದಳು. ಸರ್ಕಾರದ ಯಾವುದೋ ಇಲಾಖೆಯಲ್ಲಿದ್ದು ನಿವೃತ್ತರಾದ ಮರ್ಯಾದಸ್ಥರು ಎಂಬುದರಾಚೆ ಬೀದಿಗೆ ವಗ್ದಿಯವರ ವಿಷಯ ಗೊತ್ತಿರಲಿಲ್ಲ. ಸುಮ್ಮನಿದ್ದರೆ ಇನ್ನು ಮುಂದೆಯೂ ಗೊತ್ತಾಗುತ್ತಿರಲಿಲ್ಲ. ಆದರೆ ಮಣ್ಣಾಗಿ ಮೂರೇ ದಿನವಾದವನನ್ನು ಕಸುಬುಗೇಡಿ ಎಂದದ್ದು ಅವರಿಂದ ತಡೆದುಕೊಳ್ಳಲಾಗಲಿಲ್ಲ.

“ಕತ್ತಿ ತೆಗಿ, ಬಯ್ಯೂಮಿ.”

“ಗೀರಿತಾ ಉಸ್ತಾದ್?”

“ಇಲ್ಲ. ಆ ಕಚೇರಿ ಒಳಗೆ ಏನಾಯ್ತು ಅಂತ ಹೇಳ್ತೀನಿ, ಕೇಳು.”

ಅರ್ಧ ಮುಖದ ನೊರೆ ಹಾಗೇ ಇರಲು ಅವರು ಹೇಳತೊಡಗಿದರು. ಸೈನ್ಯದ ಆ ಕಚೇರಿಯ ಗುಮಾಸ್ತ ಕಿಟಕಿಯಿಂದ ಒಂದು ಗಂಟು ನೂಕುತ್ತಾನೆ. ಅದರಲ್ಲಿ ಗಂಡನ ಅಂಗಿ, ಬಾಚಣಿಗೆ, ಒಂದು ಜೊತೆ ಬೂಟು. ಹೆಬ್ಬೆಟ್ಟು ಒತ್ತಮ್ಮ ಅನ್ನುತ್ತಾನೆ. ಅವಳು ಒತ್ತುತ್ತಾಳೆ, ಅಳುವುದಿಲ್ಲ. ಅಲ್ಲೇ ನೆಲದ ಮೇಲೆ ಕೂತು, ಚಪ್ಪಲಿ ಬಿಟ್ಟು, ಆ ಬೂಟಿನೊಳಗೆ ಕಾಲು ತೂರಿಸುತ್ತಾಳೆ. ಬೂಟಿನ ದಾರ ಕಟ್ಟಲು ಬರದೆ ಹಾಗೇ ಬಿಡುತ್ತಾಳೆ. ಇದೇನಮ್ಮ ಎಂದು ಗುಮಾಸ್ತ ರೇಗುತ್ತಾನೆ. ‘ನಡ್ಕೊಂಡಾದ್ರೂ ಮನೆಗೆ ಬರ್ತೀನಿ ಅಂದಿದ್ರು. ಬೂಟಾದ್ರೂ ನಡ್ಕೊಂಡು ಬರ್ಲಿ,’ ಅನ್ನುತ್ತಾಳೆ. ಆಮೇಲೆ ಆ ಉದ್ದನೆಯ ಕೋಣೆಯಲ್ಲಿ ಧಪ್ ಧಪ್ ಎಂದು ನಡೆದು ಹೋಗುತ್ತಾಳೆ. ಅವಳು ಹಾದು ಹೋದಂತೆ ಒಂದೊಂದು ಮೇಜಿನ ಗುಮಾಸ್ತನೂ ಎದ್ದು ನಿಲ್ಲುತ್ತಾನೆ, ಯಾರೂ ಹೇಳದೆಯೇ.

ಹಾಜಿ ಶಿಹಾತಾ ತೋಳಿನಿಂದ ಕಣ್ಣೊರೆಸಿಕೊಂಡ. ಬಯ್ಯೂಮಿಗೆ ಕತ್ತಿ ಕೈಯಲ್ಲಿರುವುದೇ ಮರೆತುಹೋಗಿತ್ತು.

“ಅಬ್ಬಾ! ಎಷ್ಟು ಚೆನ್ನಾಗಿ ಹೊಂದಿಸಿದ್ರಿ ಉಸ್ತಾದ್! ಸಿನಿಮಾ ನೀವು ಮಾಡ್ಬೇಕಿತ್ತು. ಆ ಪುಣ್ಯಾತ್ಮನ ತಲೆಗೆ ಇದು ಹೊಳೀಲಿಲ್ಲ ನೋಡಿ.”

“ಹೊಳೆದದ್ದು ಅವನಿಗೇ ಕಣಪ್ಪ. ಕ್ಯಾಮೆರಾದಲ್ಲಿ ತೆಗೆದದ್ದೂ ಅವನೇ. ಸಿನಿಮಾ ಜನಕ್ಕೆ ತೋರಿಸೋಕೆ ಮುಂಚೆ ನೋಡಿ, ಸರ್ಕಾರಕ್ಕೆ ಬೇಡದ್ದನ್ನ ಕತ್ತರಿಸೋ ಕೆಲಸ ಆಗ ನನ್ನದು. ಆ ಏಳು ನಿಮಿಷ ಕತ್ತರಿಸಿದ್ದು ನಾನು.” ವಗ್ದಿಯವರ ದನಿ ಕನ್ನಡಿಗೆ ಹೇಳಿಕೊಂಡಂತಿತ್ತು. “ಬೇರೆ ಏನು ಬೇಕಾದ್ರೂ ಕತ್ತರಿಸಿ, ಇದೊಂದು ಬಿಡಿ ಅಂತ ನನ್ನ ಮೇಜಿನ ಮುಂದೆ ನಿಂತು ಅಂಗಲಾಚಿದ. ಬಿಡಲಿಲ್ಲ. ಆ ತುಂಡನ್ನ ಸುಟ್ಟುಬಿಟ್ರು. ಅದನ್ನ ನೋಡಿದೋರಲ್ಲಿ ಈಗ ನಾನೊಬ್ಬನೇ ಉಳಿದಿರೋದು.”

ಬಯ್ಯೂಮಿ ಇನ್ನೊಂದು ಕೆನ್ನೆ ಮುಗಿಸಿದ. ಬಿಸಿ ಬಟ್ಟೆಯಿಂದ ಮುಖ ಒರೆಸಿದ. ಕ್ಷೌರ ಮುಗಿದ ಮೇಲೆ ಎಳೆ ಮಕ್ಕಳಿಗೂ ತಪ್ಪದೆ ಹೇಳುವ ‘ನಯೀಮನ್’ ಎಂಬ ಹಾರೈಕೆ ಅವನ ಬಾಯಿಂದ ಹೊರಡಲಿಲ್ಲ. ಹಾಜಿಯೇ ಕೇಳಿದ. ಅವನ ಮಾತಿನಲ್ಲಿ ಕುಟುಕು ಇರಲಿಲ್ಲ, ನಿಜಕ್ಕೂ ತಿಳಿಯಬೇಕಿತ್ತು.

“ಯಾಕೆ ಕತ್ತರಿಸಿದ್ರಿ ಉಸ್ತಾದ್? ಅದ್ರಲ್ಲಿ ತಪ್ಪೇನಿತ್ತು?”

ವಗ್ದಿಯವರು ಉತ್ತರಿಸಲೆಂದು ಬಾಯಿ ತೆರೆದರು. ಆ ಬೂಟಿನ ದಾರದ ಒಂದು ತುದಿ ಎಳೆ ಬಿಟ್ಟಿದ್ದದ್ದು, ಕೊನೆಯ ಮೇಜಿನ ಮುದುಕ ಏಳುವ ಮುಂಚೆ ಕನ್ನಡಕ ತೆಗೆದದ್ದು, ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು. ಕಡತದಲ್ಲಿ ಕಾರಣವನ್ನು ಅವರೇ ತಮ್ಮ ಕೈಯಾರೆ ಬರೆದು ಸಹಿ ಹಾಕಿದ್ದರು. ಆ ಕಾರಣ ಏನೆಂಬುದು ಎಷ್ಟು ತಡಕಿದರೂ ಅವರಿಗೆ ನೆನಪಾಗಲಿಲ್ಲ.