ಮೂವತ್ತೈದು ದಾಟಿದ ಅರ್ಜಿ

"ನಿಮಗೆ ಮೂವತ್ತಾರಾಯ್ತಲ್ಲ ಮೇಡಂ! ಇದು ಮೂವತ್ತೈದರೊಳಗಿನ ಯುವ ವಿಜ್ಞಾನಿಗಳ ಅನುದಾನ." ಅರ್ಜೆಂಟೀನಾದ ರೊಸಾರಿಯೊ ನಗರದ ಅನುದಾನ ಕಚೇರಿಯ ಅಧಿಕಾರಿ ಲಿಸಾಂದ್ರೊ ಮಾಟೆ ಎಲೆಯ ಕಷಾಯ ತುಂಬಿದ ಸೋರೆಬುರುಡೆ ಎತ್ತಿ, ಕೊಳವೆಯಲ್ಲಿ ಸೊರ್ರನೆ ಹೀರಿದ. ಬುರುಡೆಯಡಿ, ಎದುರು ಕೂತಿದ್ದ ವಿಜ್ಞಾನಿ ಮಾರಿಸೆಲ್‌ಳ ಕ್ಯಾನ್ಸರ್ ಸಂಶೋಧನೆಯ ಅರ್ಜಿಯಿತ್ತು. ಅದರ ಮೈತುಂಬ ಹಸಿರು ಕಲೆಯ ಉಂಗುರಗಳು.

"ಅರ್ಜಿ ಹಾಕ್ದಾಗ ಮೂವತ್ಮೂರು ಸಾರ್. ಮೂರು ವರ್ಷ ಅದರ ಮೇಲೆ ಬುರುಡೆ ಇಟ್ಟೋರು ಯಾರು? ಈಗ ಬುರುಡೆ ಬಿಡ್ತಿರೋರು ಯಾರು?"

"ರೂಲ್ಸು ಅಂದ್ರೆ ರೂಲ್ಸು. ಲ್ಯಾಬಿಗೆ ಬೀಗ ಹಾಕಿ, ಮನೇಲಿ ಕೇಕ್ ಕತ್ತರಿಸಿ."

ಮಾರಿಸೆಲ್‌ಳ ಕಿವಿ ಕೆಂಪಾಯಿತು. ಚೀಲದಿಂದ ಸೂಕ್ಷ್ಮದರ್ಶಕದ ಗಾಜಿನ ಪಟ್ಟಿಯೊಂದನ್ನು ತೆಗೆದು ಅರ್ಜಿಯ ಮೇಲೆ ಟಕ್ಕನೆ ಇಟ್ಟಳು. ಅದರಲ್ಲಿ ನಾಲ್ಕು ವರ್ಷದ ಮಗುವಿನ ಕ್ಯಾನ್ಸರ್ ಗಡ್ಡೆಯ ಚೂರಿತ್ತು.

"ಈ ಗಡ್ಡೆಗಿನ್ನೂ ಎಂಟೇ ತಿಂಗಳು ಸಾರ್. ಭಾರೀ ಚುರುಕು, ಒಂದಿನಾನೂ ರಜಾ ಹಾಕಿಲ್ಲ. ಅನುದಾನ ಇದಕ್ಕೇ ಕೊಟ್ಬಿಡಿ."