ತಪ್ಪು ಎಣ್ಣೆ

ಟೀಚರ್ ಎಸೆದ ರಭಸಕ್ಕೆ ಕಾರಿನ ಕೀ ಮೇಜಿನ ಮೇಲೆ ಜಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತುವ ಸೌಜನ್ಯವನ್ನು ಇಬ್ಬರೂ ತೋರಿಸಲಿಲ್ಲ.

"ಇದು ಎಸಿನಾ? ನಾನು ಬಾಯಲ್ಲಿ ಊದಿದ್ರೂ ಇದಕ್ಕಿಂತ ತಣ್ಣಗಿರುತ್ತೆ! ಗ್ಯಾಸ್ ತುಂಬಿಸಿ ಹದಿನೈದು ದಿನ ಆಗಿಲ್ಲ. ನಿಮ್ಮ ಮನೆಯವರಿಗೆಲ್ಲ ಮೈ ತುಂಬ ಗ್ರೀಸ್ ಇದೆ, ಕೆಲಸ ಮಾತ್ರ ಬರಲ್ಲ."

"ಸಂಜೆ ಬನ್ನಿ" ಎಂದಳು ಮರಿಮೇಸ್ತ್ರಿ. ಟೀಚರ್ ಧುಮುಗುಟ್ಟುತ್ತ ಹೊರಟರು.

ನಿಮ್ಮ ಮನೆಯವರು! ಕಾರಿನ ಬಾಗಿಲ ಅಂಚಿನಲ್ಲಿ ರಸ್ತೆಯಾಚೆಯ ಗ್ಯಾರೇಜಿನ ಚೀಟಿ ಅಂಟಿತ್ತು. ಅದು ಅವಳ ಅಣ್ಣನ ಗ್ಯಾರೇಜು. ಕಾರು ಕೆಡಿಸಿದ್ದು ಅವನೇ ಎನ್ನಲು ಅವಳಿಗೆ ಅಷ್ಟೇ ಸಾಕಾಯಿತು.

ಆರು ತಿಂಗಳ ಹಿಂದಿನವರೆಗೆ ಅಲ್ಲಿ ಅಪ್ಪ, ಅಣ್ಣ, ಅವಳು ಮೂವರೂ ಒಟ್ಟಿಗೆ ಕೆಲಸ ಮಾಡುತ್ತಿದ್ದರು. ಕಟ್ಟಿದವರು ಅಪ್ಪ. ಊರಿಗೆಲ್ಲ ಅವರು ಮೇಸ್ತ್ರಿ, ಅವರ ಹಿಂದೆಯೇ ಸುತ್ತುತ್ತ ಕೆಲಸ ಕಲಿತ ಇವಳು ಮರಿಮೇಸ್ತ್ರಿ. ಒಂದು ದಿನ ಅಣ್ಣ ಗಿರಾಕಿಗಳ ಎದುರೇ ಅಪ್ಪನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡ. "ಇನ್ಮೇಲೆ ನೀವು ಯಾವ ಗಾಡಿನೂ ಮುಟ್ಟಬಾರದು" ಎಂದ. ಯಾಕೆಂದು ಅವಳು ಎಷ್ಟು ಕೂಗಾಡಿದರೂ ಬಾಯಿ ಬಿಡಲಿಲ್ಲ. ಅಪ್ಪನೂ ತುಟಿ ಪಿಟಕ್ಕೆನ್ನದೆ ತಲೆ ತಗ್ಗಿಸಿ ನಿಂತಿದ್ದರು. ಅವತ್ತೇ ಅವಳು ಅಪ್ಪನನ್ನು ಕರೆದುಕೊಂಡು ಹೊರಬಿದ್ದಳು. ಹಟಕ್ಕೆ ಬಿದ್ದು ಎದುರಿಗೇ ಶೆಡ್ ಹಿಡಿದಳು. ಎಲೆಕ್ಟ್ರಿಕ್ ಗಾಡಿಗಳನ್ನು ತಾನು ನೋಡಿಕೊಂಡಳು, ಪೆಟ್ರೋಲ್ ಗಾಡಿಗಳನ್ನು ಅಪ್ಪನಿಗೆ ಬಿಟ್ಟಳು. ಅಂದಿನಿಂದ ಅಣ್ಣನ ಜೊತೆ ಮಾತಿರಲಿ, ಮುಖ ನೋಡುವುದೂ ಇರಲಿಲ್ಲ.

ಅಪ್ಪ ಊಟಕ್ಕೆ ಮನೆಗೆ ಹೋಗಿದ್ದರು. ಅವಳು ಟೀಚರ್‌ರ ಎಲೆಕ್ಟ್ರಿಕ್ ಕಾರಿನ ಬಾನೆಟ್ ಎತ್ತಿದಳು.

ಗಾಳಿಯ ಫಿಲ್ಟರ್ ಸ್ವಚ್ಛವಾಗಿತ್ತು. ಫ್ಯಾನ್ ಸರಿಯಾಗಿ ತಿರುಗುತ್ತಿತ್ತು. ಗ್ಯಾಸಿನ ಒತ್ತಡವೂ ಇರಬೇಕಾದಷ್ಟೇ ಇತ್ತು. ಆದರೆ ಕಂಪ್ರೆಸರ್ ಒಂದು ನಿಮಿಷ ಓಡುವುದು, ನಿಲ್ಲುವುದು, ಮತ್ತೆ ಓಡುವುದು. ಕಾರೇ ಏನಕ್ಕೋ ಹೆದರಿ ಅದನ್ನು ನಿಲ್ಲಿಸುತ್ತಿತ್ತು. ಎರಡು ವಾರದ ಹಿಂದೆ ಪರವೂರಿನ ತರಬೇತಿಗೆ ಹೋಗಿದ್ದಾಗ ಕೊಂಡುತಂದ, ಕರೆಂಟ್ ಸೋರದಂತೆ ಇರುವ ತಡೆಯನ್ನು ಅಳೆಯುವ ಮೀಟರನ್ನು ಹಚ್ಚಿದಳು. ಮುಳ್ಳು ಕೆಳಗಿಳಿಯಿತು. ಕರೆಂಟ್ ಎಲ್ಲೋ ಸೋರುತ್ತಿತ್ತು.

ಗ್ಯಾಸ್ ತೆಗೆದು, ಕಂಪ್ರೆಸರ್ ಬಿಚ್ಚಿ, ಒಳಗಿನ ಎಣ್ಣೆಯನ್ನು ಸೀಸೆಗೆ ಬಸಿದಳು. ನೀರಿನಂತೆ ತಿಳಿಯಾಗಿರಬೇಕಾದ ಎಣ್ಣೆ ಹಸಿರಾಗಿತ್ತು. ಪೆಟ್ರೋಲ್ ಕಾರಿನ ಎಸಿಗೆ ಹಾಕುವ ಎಣ್ಣೆ ಅದು. ಅದರಲ್ಲಿ ಕರೆಂಟ್ ಹಾಯುತ್ತದೆ; ಎಲೆಕ್ಟ್ರಿಕ್ ಕಾರಿಗೆ ಹಾಕಲೇಬಾರದು.

ಸೀಸೆ ಹಿಡಿದುಕೊಂಡು ರಸ್ತೆ ದಾಟಿದಳು. ಆರು ತಿಂಗಳಲ್ಲಿ ಇದೇ ಮೊದಲು.

"ನೋಡು, ಎಂಥ ಘನಕಾರ್ಯ ಮಾಡಿದೀಯ! ಎಲೆಕ್ಟ್ರಿಕ್ ಗಾಡಿಗೆ ಈ ಎಣ್ಣೆನಾ? ಯಾರಾದ್ರೂ ಕರೆಂಟ್ ಹೊಡ್ದು ಸತ್ತಿದ್ರೆ?"

ಅಣ್ಣ ಎಗರಿ ಬೀಳುತ್ತಾನೆಂದು ಅವಳು ತಯಾರಾಗಿಯೇ ಬಂದಿದ್ದಳು. ಅವನು ಸೀಸೆಯನ್ನು ಬೆಳಕಿಗೆ ಹಿಡಿದ. ಆಮೇಲೆ ಅವಳ ಶೆಡ್ಡಿನ ಕಡೆ ನೋಡಿದ.

"ಅಪ್ಪನಿಗೆ ತೋರಿಸಿದ್ಯಾ?"

"ಇನ್ನೂ ಇಲ್ಲ. ತೋರಿಸ್ತೀನಿ. ಮಗ ಎಂಥ ಕೆಲಸಗಾರ ಅಂತ ಅವರಿಗೂ ಗೊತ್ತಾಗ್ಲಿ."

"ಬೇಡ." ಅವನ ದನಿ ಗಡುಸಾಯಿತು. "ನಾನೇ ಹಾಕಿದ್ದು ಅಂತಿಟ್ಕೋ. ಬೇಕಾದ್ರೆ ಊರಿಗೆಲ್ಲ ಸಾರು. ಅಪ್ಪನ ಕಿವಿಗೆ ಮಾತ್ರ ಹಾಕ್ಬೇಡ."

"ಅಷ್ಟು ಹೆದರಿಕೆನಾ?"

"ಹೂಂ. ಹೆದರಿಕೆನೇ."

"ಹೇಡಿ!" ಎಂದಳು. ಅವನು ಸೀಸೆಯನ್ನು ಹಿಂದಕ್ಕೆ ಕೊಟ್ಟು, ಬೆನ್ನು ತಿರುಗಿಸಿ ಕೆಲಸಕ್ಕೆ ಕೂತ.

ಆ ಸಿಟ್ಟಿನಲ್ಲೇ ಅವಳು ಮೂರಾಳಿನ ಕೆಲಸ ಮಾಡಿದಳು. ಕೊಳವೆಗಳನ್ನು ಮತ್ತೆ ಮತ್ತೆ ತೊಳೆದಳು. ಹೊಸ ಕಂಪ್ರೆಸರ್ ಕೂರಿಸಿ, ಸರಿಯಾದ ಎಣ್ಣೆ ಹಾಕಿ, ಗಾಳಿಯನ್ನೆಲ್ಲ ಎಳೆದು, ತೂಕ ನೋಡಿ ಗ್ಯಾಸ್ ತುಂಬಿದಳು. ಮೀಟರಿನ ಮುಳ್ಳು ಮೇಲೇರಿ ನಿಂತಿತು. ಕಿಟಕಿಯ ಗಾಜಿನ ಮೇಲೆ ತೆಳ್ಳಗೆ ಮಂಜು ಕೂರುವಷ್ಟು ತಂಪು.

ಸಂಜೆ ಬಂದ ಟೀಚರ್ ಕಾರಿನೊಳಗೆ ಕೂತು, ಹೊಗಳುವುದಕ್ಕೆ ಮನಸ್ಸಿಲ್ಲದೆ, "ಪರವಾಗಿಲ್ಲ" ಎಂದರು.

"ಒಂದು ಮಾತು" ಎಂದಳು ಮರಿಮೇಸ್ತ್ರಿ, ರಸ್ತೆಯಾಚೆಯ ಅಣ್ಣನಿಗೂ ಕೇಳಿಸಲೆಂದು ದನಿ ಏರಿಸಿ. "ಇನ್ಮೇಲೆ ಆ ಗ್ಯಾರೇಜಿನ ಮೆಟ್ಟಿಲು ಹತ್ತಬೇಡಿ. ತಪ್ಪು ಎಣ್ಣೆ ಹಾಕಿದ್ದು ಅವನೇ. ತನ್ನ ಬಾಯಿಂದಲೇ ಒಪ್ಪಿಕೊಂಡಿದ್ದಾನೆ."

ಟೀಚರ್ ಹುಬ್ಬು ಗಂಟಿಕ್ಕಿದರು.

"ಅವರ್ಯಾಕೆ ಒಪ್ಪಿಕೊಂಡ್ರು? ಅಲ್ಲಿ ನಾನು ಟೈರ್ ಬದಲಾಯಿಸಿದ್ದು ಅಷ್ಟೇ. ಗ್ಯಾಸು, ಎಣ್ಣೆ ಎಲ್ಲ ಹಾಕಿಸಿದ್ದು ಇಲ್ಲೇ. ನೀವು ಊರಲ್ಲಿರಲಿಲ್ಲ, ನಿಮ್ಮ ತಂದೆ ಇದ್ರು. ಎರಡು ಡಬ್ಬಿ ಹಿಡ್ಕೊಂಡು ತಡಕಾಡ್ತಾ, ಎಲೆಕ್ಟ್ರಿಕ್ ಅಂತ ಯಾವುದರ ಮೇಲೆ ಬರೆದಿದೆಯಮ್ಮ ಅಂತ ಕೇಳಿದ್ರು. ನಾನು ಫೋನಲ್ಲಿದ್ದೆ, ಗಮನ ಕೊಡ್ಲಿಲ್ಲ." ಟೀಚರ್ ಮೊದಲ ಬಾರಿಗೆ ದನಿ ತಗ್ಗಿಸಿದರು. "ಪಾಪ, ಅವರಿಗೆ ಕಣ್ಣು ಕಾಣಿಸಲ್ಲ ಅಲ್ವಾ?"