ಮಳೆಗಾಲದ ಬಡಾವಣೆ

ಮರಳುಗಾಡಿನ ಆ ಊರಿನಲ್ಲಿ ಒಂದೊಂದು ಬಡಾವಣೆಗೆ ಒಂದೊಂದು ಕಾಲ. ಊರು ಬೆಳೆದಂತೆಲ್ಲ, ಹೊಸಬರನ್ನು ಕರೆತರಲು ನಗರಸಭೆಯವರು ಮಳೆಗಾಲವನ್ನು ಹೊಸ ಬಡಾವಣೆಗೇ ಕೊಡುತ್ತಿದ್ದರು. ಹಳಬರಿಗೆ ಬೇಸಿಗೆಯೇ ಗತಿ. ಸಿದ್ದವ್ವ ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಬಿಸಿಲಲ್ಲೇ ಬೆಂದಿದ್ದಳು. ಮೊನ್ನೆ ಮೊನ್ನೆ ಬಂದ ತಂಗಿ ಕಲ್ಲವ್ವನಿಗೆ ಮಾತ್ರ ಮಳೆಯಲ್ಲೇ ಮನೆ ಸಿಕ್ಕಿತ್ತು.

ಗೃಹಪ್ರವೇಶಕ್ಕೆಂದು ಹೊರಟ ಸಿದ್ದವ್ವ ಬಡಾವಣೆಯ ಕಮಾನು ದಾಟಿದ್ದೇ ತಡ, ಜಿಟಿಜಿಟಿ ಹನಿ ಶುರುವಾಯಿತು. ತಂಗಿಯ ಅಂಗಳದಲ್ಲಿ ಗರಿಕೆ ಚಿಗುರಿದ್ದನ್ನು ಕಂಡು ಅವಳ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿತು.

“ನೆಲ ಜಾರತೈತಿ. ಗ್ವಾಡಿ ತಂಪು ಹಿಡದೈತಿ. ಹಪ್ಪಳ ಎಲ್ಲಿ ಒಣಗಸ್ತೀಯವ್ವಾ?” ಎಂದು ಬಂದ ಗಳಿಗೆಯಿಂದ ಹುಳುಕು ತೆಗೆದಳು.

ಕಲ್ಲವ್ವ ಎಲ್ಲ ಕೇಳಿಸಿಕೊಂಡು ಮೆಲ್ಲಗೆ ಹೇಳಿದಳು: “ಇದಾದ್ರೂ ಎಷ್ಟ ದಿನಾ ಅಕ್ಕಾ? ಆ ಮರಳದಿಬ್ಬದ ಆಚೆ ಇನ್ನೊಂದು ಬಡಾವಣಿ ಏಳಾಕತ್ತೈತಿ. ಬರೋ ವರ್ಷ ಮಳಿ ಅಲ್ಲಿಗೆ ಹೋಗತೈತಂತ. ನಮಗೂ ಬ್ಯಾಸಿಗೀನ.”

‘ಅಯ್ಯೋ’ ಎನ್ನಬೇಕಿದ್ದ ಸಿದ್ದವ್ವನ ತುಟಿಯ ಮೇಲೆ ನಗೆ ಮೂಡಿಬಿಟ್ಟಿತು. ಸೆರಗು ಅಡ್ಡ ಹಿಡಿದಳು. ಅಷ್ಟರಲ್ಲಿ ತಂಗಿ ನೋಡಿಯಾಗಿತ್ತು.

“ನಕ್ಕಿ ನೀ.”

“ಇಲ್ಲವ್ವಾ, ಎಲ್ಲಿ ನಕ್ಕೆ?”

ಕಲ್ಲವ್ವ ಸಿಟ್ಟಾಗಲಿಲ್ಲ. ಅಕ್ಕನ ಕೈ ಹಿಡಿದು ಅಂಗಳಕ್ಕೆ ಎಳೆದಳು. “ಹೊಟ್ಟಿಕಿಚ್ಚು ಆಮ್ಯಾಲ ಪಡುವಂತಿ. ಮೊದಲ ತೊಯ್ಸಿಕೋ ಬಾ.”

ಮಳೆ ನೆತ್ತಿಯಿಂದ ಬೆನ್ನಿಗಿಳಿಯಿತು. ಸಿದ್ದವ್ವನ ಕಿಚ್ಚೇನೂ ಆರಲಿಲ್ಲ. ಆದರೂ ಅವಳು ಒಳಗೆ ಹೋಗುವ ಮಾತೇ ಎತ್ತಲಿಲ್ಲ. “ಸಾಕ ನಡಿ ಅಕ್ಕಾ, ನೆಗಡಿ ಆದೀತು” ಎಂದು ಕೊನೆಗೆ ತಂಗಿಯೇ ಬೇಡಬೇಕಾಯಿತು.